ಕಿಲುಬಿನಡಿಯ ಹಳದಿ

ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಚೀಟಿ ಬರೆಯುವವಳಾದ್ದರಿಂದ ಎಲ್ಲರಿಗೂ ಅವಳು ಚೀಟಿಯಕ್ಕ. ಹತ್ತೊಂಬತ್ತು ವರ್ಷ ಒಂದು ಮಡಕೆಚೂರನ್ನೂ ಕೈಜಾರಿಸದವಳು ಆ ಸೋಮವಾರ ರೋಮನ್ ನಾಣ್ಯಗಳ ತಟ್ಟೆಯನ್ನೇ ಬೀಳಿಸಿದಳು. ಮೂವತ್ತೊಂದು ನಾಣ್ಯ ಕಲ್ಲುನೆಲದ ಮೇಲೆ ಚೆಲ್ಲಾಪಿಲ್ಲಿ. ಚೀಟಿಗಳು ಇನ್ನೊಂದು ಕಡೆ.

ಮೇಲ್ವಿಚಾರಕರು ಬಂದು ನೋಡಿದರು. ನಿವೃತ್ತಿಗೆ ಎರಡು ತಿಂಗಳಿದ್ದ ಅವರಿಗೆ ಹೊಸ ತಲೆನೋವು ಬೇಡವಾಗಿತ್ತು.

"ಹೋಗ್ಲಿ ಬಿಡಮ್ಮ. ಎಲ್ಲಾ ಒಂದೇ ಚೀಲಕ್ಕೆ ಹಾಕಿ 'ರೋಮನ್ ನಾಣ್ಯಗಳು' ಅಂತ ಬರೆದುಬಿಡು."

"ಆಗಲ್ಲ ಸರ್. ಬೀಳಿಸಿದ್ದು ನಾನು. ಅದರದರ ಸಾಲಿಗೆ ನಾನೇ ಸೇರಿಸ್ತೀನಿ."

"ಎಲ್ಲಾ ಒಂದೇ ಥರದ ಹಸಿರು ಬಿಲ್ಲೆಗಳು. ಹೇಗೆ ಗುರುತು ಹಿಡೀತೀಯ?"

"ಸಿಗೋವರೆಗೂ ಬಿಡಲ್ಲ."

ದಾಖಲೆ ಪುಸ್ತಕದಲ್ಲಿ ಇದ್ದದ್ದು ಎರಡೇ ಬಗೆ: ಹತ್ತೊಂಬತ್ತು ಆಸ್, ಅದರ ಎರಡರಷ್ಟು ಬೆಲೆಯ ಹನ್ನೆರಡು ದುಪಾಂಡಿಯಸ್. ಗಾತ್ರದಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ. ಅವಳು ಭೂತಗನ್ನಡಿ ಹಿಡಿದು ಕೂತಳು. ಚಕ್ರವರ್ತಿಯ ತಲೆಯ ಮೇಲೆ ಸೂರ್ಯನ ಕಿರಣದಂಥ ಮೊನೆಗಳ ಕಿರೀಟ ಕಂಡರೆ ದುಪಾಂಡಿಯಸ್, ಇಲ್ಲದಿದ್ದರೆ ಹೆಚ್ಚಾಗಿ ಆಸ್. ಎರಡು ದಿನದಲ್ಲಿ ಕಿರೀಟದವು ಹನ್ನೆರಡೂ ಸಿಕ್ಕವು, ಆಸ್ ಹದಿನಾಲ್ಕು. ಉಳಿದ ಐದು ಸವೆದು ಬೋಳಾಗಿದ್ದವು.

ಪುಸ್ತಕದ ಲೆಕ್ಕದಂತೆ ಐದೂ ಆಸ್ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವಳು ಒಪ್ಪಿಗೆ ಪಡೆದು, ಅಕ್ಕಸಾಲಿಯಾದ ತನ್ನ ತಮ್ಮನನ್ನೇ ತಕ್ಕಡಿ ಸಮೇತ ಕರೆಸಿದಳು.

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ಇಲ್ಲಿ ಚಿನ್ನ ಇಲ್ಲ, ಧೈರ್ಯವಾಗಿ ತೂಗು."

"ಅದಕ್ಕೇ ಬೇಜಾರಾಗ್ತಿದೆ," ಎಂದು ನಕ್ಕ ತಮ್ಮ. "ಆಸ್ ತಾಮ್ರ, ಇನ್ನೊಂದು ಹಿತ್ತಾಳೆ ಅಲ್ವಾ? ಒಂಚೂರು ಉಜ್ಜಿದ್ರೆ ಗೊತ್ತಾಗುತ್ತೆ."

"ಉಜ್ಜಿದ್ರೆ ನೋಡು! ಎಷ್ಟೋ ಶತಮಾನದ ಕಿಲುಬು ಅದು."

ನಾಲ್ಕು ನಾಣ್ಯ ತಲಾ ಹತ್ತು ಗ್ರಾಂ ಆಸುಪಾಸು ತೂಗಿದವು. ಸವೆದ ಉಬ್ಬುಗಳಲ್ಲಿ ಕೆಂಪು ಇಣುಕುತ್ತಿತ್ತು. ಐದನೆಯದು ಹದಿಮೂರು ಗ್ರಾಂ. ತಮ್ಮ ಅದನ್ನು ಬೆಳಕಿಗೆ ಹಿಡಿದ.

"ಅಕ್ಕಾ, ಅಂಚಲ್ಲಿ ಚಕ್ಕೆ ಎದ್ದಿದೆ. ಹೊಸ ಗಾಯ. ಒಳಗೆ ಹಳದಿ, ಅಪ್ಪಟ ಹಿತ್ತಾಳೆ."

ಗಾಯ ಅವಳು ಬೀಳಿಸಿದ್ದರಿಂದಲೇ ಆದದ್ದು.

"ಆಸ್ ಅಂತಾನೇ ಬರೆದು ಸುಮ್ಮನಿರು," ಎಂದ ತಮ್ಮ ದನಿ ತಗ್ಗಿಸಿ. "ಈ ಅಂಚನ್ನ ಯಾರು ನೋಡ್ತಾರೆ? ತೋರಿಸಿದ್ರೆ ನಿನ್ನ ಕುತ್ತಿಗೆಗೇ ಬರುತ್ತೆ."

ಅವಳು ನಾಣ್ಯವನ್ನು ಹತ್ತಿಯ ಮೇಲಿಟ್ಟುಕೊಂಡು ನೇರ ಮೇಲ್ವಿಚಾರಕರ ಕೋಣೆಗೆ ನಡೆದಳು.

"ಸರ್, ಇದು ಆಸ್ ಅಲ್ಲ. ಕಿರೀಟ ಇಲ್ಲದ ದುಪಾಂಡಿಯಸ್ಸೂ ಇರ್ತವೆ. ತೂಕ ಹೆಚ್ಚು, ಲೋಹ ಹಿತ್ತಾಳೆ. ಲೋಹ ಕಂಡಿದ್ದು ನಾನು ಬೀಳಿಸಿ ಅಂಚು ಒಡೆದಿದ್ರಿಂದ. ಎರಡನ್ನೂ ಬರ್ಕೊಳ್ಳಿ."

"ಪುಸ್ತಕ ಬರೆದವರು ದೊಡ್ಡ ವಿದ್ವಾಂಸರಮ್ಮ!"

"ಇರಬಹುದು ಸರ್. ಅವರಿಗೆ ಕಂಡಿದ್ದು ಕಿಲುಬು ಮಾತ್ರ. ಪರೀಕ್ಷೆಗೆ ಕಳಿಸಿ. ನಾನು ಹೇಳಿದ್ದು ತಪ್ಪಾದ್ರೆ ಅದನ್ನೂ ನನ್ನ ಹೆಸರಿಗೇ ಬರೀರಿ."

ಮೇಲ್ವಿಚಾರಕರು ನಿಟ್ಟುಸಿರಿಟ್ಟು ಅರ್ಜಿಯ ಹಾಳೆ ಎಳೆದುಕೊಂಡರು.

ಮೂರು ವಾರಕ್ಕೆ ಎರಡು ಕಾಗದ ಒಟ್ಟಿಗೇ ಬಂದವು. ಒಂದರಲ್ಲಿ ಪ್ರಯೋಗಾಲಯದ ಮಾತು: ಹಿತ್ತಾಳೆ. ಇನ್ನೊಂದು, ವಸ್ತುವಿಗೆ ಹಾನಿ ಮಾಡಿದ್ದಕ್ಕೆ ಅವಳಿಗೆ ಎಚ್ಚರಿಕೆ ಪತ್ರ. ಅವಳು ಎಚ್ಚರಿಕೆ ಪತ್ರಕ್ಕೆ ಮೊದಲು ಸಹಿ ಹಾಕಿದಳು. ಆಮೇಲೆ ಮೇಲ್ವಿಚಾರಕರು ದಾಖಲೆ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, ತಮ್ಮ ಪೆನ್ನನ್ನೇ ಚಾಚಿದರು. "ತಿದ್ದಮ್ಮ. ನೀನೇ ತಿದ್ದು."

ಹತ್ತೊಂಬತ್ತನ್ನು ಹೊಡೆದುಹಾಕಿ ಹದಿನೆಂಟು, ಹನ್ನೆರಡನ್ನು ಹೊಡೆದುಹಾಕಿ ಹದಿಮೂರು ಎಂದು ಅವಳು ದುಂಡಗೆ ಬರೆದಳು.