ಮೊರೆಗೆ ದನಿಗೂಡಿಸಿದವರು

"ಅಕ್ಕಾ, ಇವತ್ತೊಂದು ದಿನ ಸುಮ್ನಿದ್ದುಬಿಡು. ನಿನ್ನ ಕಾಲು ಹಿಡ್ಕೋತೀನಿ," ಎಂದ ತಮ್ಮ, ಚರ್ಚಿನ ಬಾಗಿಲಲ್ಲೇ ಅವಳನ್ನು ಅಡ್ಡಗಟ್ಟಿ.

"ಕಾಲು ಬಿಡು, ಬೀಗ ತೆಗೆಸು," ಎಂದಳು ಅಕ್ಕ.

"ಅದೇನು ನಾನೊಬ್ನೇ ಹಾಕಿದ್ನಾ?"

"ಹಾಕಿಸ್ತೀನಿ ಅಂತ ಬೀದಿಬೀದೀಲಿ ಭಾಷಣ ಬಿಗಿದಿದ್ದು ಯಾರು ಮತ್ತೆ? ನಮ್ಮಪ್ಪನಾ?"

ತಮ್ಮ ನಗರಸಭೆಗೆ ಗೆದ್ದು ಇನ್ನೂ ಕೊರಳ ಹಾರದ ವಾಸನೆ ಹೋಗಿರಲಿಲ್ಲ. ಆ ಚರ್ಚಿಗೆ ಸೇರಿದವರಲ್ಲಿ ಹಿಂದೆಂದೂ ಯಾರೂ ಗೆದ್ದದ್ದಿಲ್ಲ. ಹಾಗಾಗಿ ಈ ಭಾನುವಾರ ಕೃತಜ್ಞತೆಯ ಪೂಜೆ. ಅವನು ಗೆದ್ದದ್ದಾದರೂ ಹೇಗೆ? ಮಾರುಕಟ್ಟೆಯ ಹಿಂದಿನ ನಗರಸಭೆಯ ಹಳೇ ಗೋದಾಮಿನಲ್ಲಿ ಮನೆಯಿಲ್ಲದವರು ರಾತ್ರಿ ಮಲಗುತ್ತಿದ್ದರು. ಕೆಮ್ಮು, ಗಲಾಟೆ, ವಾಸನೆ ಎಂದು ಅಕ್ಕಪಕ್ಕದವರು ಗೊಣಗುತ್ತಿದ್ದರು. ಅದನ್ನು ಮುಚ್ಚಿಸುತ್ತೇನೆಂದು ಇವನು ಮಾತು ಕೊಟ್ಟ. ಕೊಟ್ಟ ಮಾತಿನಂತೆ ಶುಕ್ರವಾರ ಬೀಗ ಬಿತ್ತು. ಶಾಶ್ವತವಾಗಿ ಮುಚ್ಚುವುದೋ ಬೇಡವೋ ಎಂಬುದು ಸೋಮವಾರ ಬೆಳಗಿನ ಸಭೆಯಲ್ಲಿ ತೀರ್ಮಾನ. ಸದಸ್ಯರು ಅತ್ತ ಅರ್ಧ, ಇತ್ತ ಅರ್ಧ; ತಮ್ಮನ ಕೈ ಎತ್ತ ಎದ್ದರೆ ಅತ್ತ ಗೆಲುವು. ಹೊರಗೆ ನೋಡಿದರೆ ಮೂಳೆ ಕೊರೆಯುವ ಚಳಿ.

ಅಕ್ಕನ ಸಂಕಟ ಬೇರೆಯೇ. ಅಮ್ಮ ಸತ್ತ ಮೇಲೆ ಇವನನ್ನು ಸಾಕಿದವಳು ಅವಳು. ಮನೆಯ ಕೆಳಗೇ ಇಸ್ತ್ರಿ ಅಂಗಡಿ ಇಟ್ಟು, ಊರವರ ಅಂಗಿ ಉಜ್ಜಿ ಉಜ್ಜಿ ಓದಿಸಿದಳು. ಶನಿವಾರ ಬಂದರೆ ಚರ್ಚಿನ ಹೆಂಗಸರ ಜೊತೆ ಅದೇ ಗೋದಾಮಿಗೆ ಬಿಸಿ ಸೂಪು ಹೊತ್ತುಕೊಂಡು ಹೋಗುತ್ತಿದ್ದಳು. ಅಲ್ಲಿನ ಒಂದೊಂದು ಮುಖವೂ ಅವಳಿಗೆ ಗೊತ್ತು. ವೋಟು ಹಾಕುವಾಗ ಮಾತ್ರ ಕರುಳು ಹೇಳಿದಂತೆ ಕೇಳಿದಳು, ತಮ್ಮನಿಗೇ ಒತ್ತಿದಳು. ಮಾತು ಕೊಟ್ಟರೇನು, ಇವನು ಹಾಗೆಲ್ಲ ಮಾಡುವವನಲ್ಲ ಎಂದುಕೊಂಡಿದ್ದಳು ಪಾಪ!

ನಿನ್ನೆ ಸಂಜೆ ಪಾಪನಿವೇದನೆಗೂ ಹೋಗಿದ್ದಳು. "ತಮ್ಮನ ಮೇಲೆ ಸಿಟ್ಟು ಮಾಡ್ಕೊಂಡೆ ಫಾದರ್. ನಾಳೇನೂ ಮಾಡ್ಕೋತೀನಿ. ಅದನ್ನೂ ಸೇರಿಸಿ ಕ್ಷಮೆ ಕೊಟ್ಬಿಡಿ."

"ಮುಂಗಡ ಕ್ಷಮೆ ಅಂತ ಇಲ್ಲಮ್ಮ," ಎಂದರು ಫಾದರ್. ಅವರು ಬಂದು ಇನ್ನೂ ವರ್ಷವಾಗಿಲ್ಲ, ಎಲ್ಲರಿಗೂ ಹೆದರುತ್ತಿದ್ದರು.

"ಹಾಗಾದ್ರೆ ನಾಳೆ ಪ್ರಸಂಗದಲ್ಲಿ ಆ ಬೀಗದ ಬಗ್ಗೆ ನೀವೇ ಒಂದು ಮಾತು ಹೇಳಿ."

"ಹೇಳ್ಬಾರ್ದು ಅಂತಲ್ಲ... ದೇವಾಲಯದಲ್ಲಿ ರಾಜಕೀಯ ಬೇಡ ಅಂತ..."

"ಗೆದ್ದಿದ್ದಕ್ಕೆ ಪೂಜೆ ಇಟ್ಕೊಂಡಿದ್ದೀವಲ್ಲ, ಅದು ರಾಜಕೀಯ ಅಲ್ವಾ?"

ಫಾದರ್ ಮೂರು ಜಪ ಹೇಳಿಕೊಳ್ಳಲು ವಿಧಿಸಿ ಕಳಿಸಿದರು. ಇಂದು ಪೂಜೆಯಲ್ಲಿ ಅವರು ಮಾಡಿದ ಪ್ರಸಂಗವೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೇ ಇತ್ತು. ಬಡವರೂ ನೊಂದುಕೊಳ್ಳಲಿಲ್ಲ, ಉಳ್ಳವರೂ ನೊಂದುಕೊಳ್ಳಲಿಲ್ಲ.

ಆಮೇಲೆ ವಿಶ್ವಾಸಿಗಳ ಪ್ರಾರ್ಥನೆ. ಬರೆದು ತಂದದ್ದನ್ನು ಓದಿ ಮುಗಿಸಿದ ಮೇಲೆ ಒಂದಿಷ್ಟು ಹೊತ್ತು ಸುಮ್ಮನಿರುವುದು ಆ ಚರ್ಚಿನ ರೂಢಿ. ಆಗ ಯಾರು ಬೇಕಾದರೂ ಕೂತಲ್ಲೇ ಎದ್ದು ತಮ್ಮ ಬೇಡಿಕೆ ಹೇಳಬಹುದು. ಮಗನ ಪರೀಕ್ಷೆ, ಅತ್ತೆಯ ಮಂಡಿನೋವು, ತಪ್ಪಿಸಿಕೊಂಡ ಬೆಕ್ಕು, ಏನಾದರೂ ಸರಿ. ಕೊನೆಯಲ್ಲಿ "ಪ್ರಾರ್ಥಿಸೋಣ" ಎಂದರೆ ಸಾಕು, ಇಡೀ ಸಭೆ ಒಂದೇ ಉಸಿರಿಗೆ "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎನ್ನುತ್ತದೆ. ಚಿಕ್ಕಂದಿನಿಂದ ಬಂದ ಅಭ್ಯಾಸ. ಬುದ್ಧಿಗಿಂತ ನಾಲಿಗೆ ಮುಂದು. ಒಮ್ಮೆ ಒಬ್ಬ ಮುದುಕಿ ತನ್ನ ಸೊಸೆಗೆ ದೇವರು ಒಳ್ಳೇ ಬುದ್ಧಿ ಕೊಡಲಿ ಎಂದು ಬೇಡಿದಾಗ ಸೊಸೆಯೂ ಗಟ್ಟಿಯಾಗಿ ಮೊರೆಯಿಟ್ಟು, ಆಮೇಲೆ ಮನೆಗೆ ಹೋಗಿ ಪಾತ್ರೆ ಎಸೆದಿದ್ದಳಂತೆ.

ತಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ. ಪೂಜೆಯ ಕೊನೆಯಲ್ಲಿ ಅವನು ನಾಲ್ಕು ಮಾತಾಡಬೇಕಿತ್ತು. ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿಗೆ ಎಲ್ಲದರಲ್ಲೂ ಅವಸರ. ಬರೆದ ಪ್ರಾರ್ಥನೆ ಓದಿ ಮುಗಿದದ್ದೇ ತಡ, ಬಂದು ಅವನ ಅಂಗಿಗೆ ಪುಟ್ಟ ಮೈಕು ಸಿಕ್ಕಿಸಿ ಚಾಲೂ ಮಾಡಿಬಿಟ್ಟಿದ್ದರು.

ಅಕ್ಕ ಎದ್ದು ನಿಂತಳು. ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದಳು. ತಮ್ಮ ತಿರುಗಿ ನೋಡಿ ಕಣ್ಣಲ್ಲೇ ಬೇಡ ಎಂದ. ಅವಳು ಕೂರಲಿಲ್ಲ.

"ಬೀಗ ಬಿದ್ದ ಬಾಗಿಲ ಮುಂದೆ ಎರಡು ರಾತ್ರಿಯಿಂದ ಚಳೀಲಿ ಮಲಗ್ತಿರೋರಿಗಾಗಿ ಬೇಡ್ಕೋತೀನಿ. ಇವತ್ತು ರಾತ್ರಿ ಅವರು ನಮ್ಮನೇಲಿ ಮಲಗಲಿ. ನಾಳೆ ಸಭೇಲಿ ಬೀಗ ತೆಗೀರಿ ಅನ್ನೋ ಧೈರ್ಯ ನನ್ನ ತಮ್ಮನಿಗೆ ಬರಲಿ. ಇದಕ್ಕಾಗಿ ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು!"

ಇಡೀ ಸಭೆ ಹೇಳಿಬಿಟ್ಟಿತು. ಗೋದಾಮಿನ ಮೇಲೆ ದೂರು ಕೊಟ್ಟವರೂ ಹೇಳಿದರು, ಕಾರ್ಯದರ್ಶಿಯೂ ಹೇಳಿದರು. ಎಲ್ಲರ ದನಿಯನ್ನೂ ಮೀರಿಸಿ ನಾಲ್ಕೂ ಗೋಡೆಗಳ ಸ್ಪೀಕರುಗಳಿಂದ ಮೊಳಗಿದ್ದು ತಮ್ಮನ ದನಿ. ಹೇಳಿಯಾದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಅವನು ಎದೆಯ ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಏನು ಪ್ರಯೋಜನ! ಕೊನೆಗೆ ಅವನ ನಾಲ್ಕು ಮಾತು "ಎಲ್ಲರಿಗೂ ವಂದನೆ" ಎಂಬಲ್ಲಿಗೇ ಮುಗಿಯಿತು.

"ಮನೆ ಜಗಳಾನ ದೇವರ ಮುಂದೆ ತರಬಾರದಿತ್ತಮ್ಮ," ಎಂದರು ಕಾರ್ಯದರ್ಶಿ ಅಂಗಳದಲ್ಲಿ.

"ಮತ್ಯಾರ ಮುಂದೆ ತರ್ಲಿ? ನಿಮ್ಮ ಮುಂದಾ?"

ತಮ್ಮನ ಮುಖ ಕೆಂಪಗಾಗಿತ್ತು. "ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದೆ ಅಕ್ಕಾ. ಸಾಕಿದವಳೇ ಹೀಗಾ ಮಾಡೋದು?"

"ಸಾಕಿದ್ದಕ್ಕೇ ಕಣೋ. ಬೇರೆಯವಳಾಗಿದ್ರೆ ನಾಲ್ಕು ಬೈದು ಮನೆಗೆ ಹೋಗ್ತಿದ್ದೆ," ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಮನೆಗೆ ಹೋಗದೆ ನೇರವಾಗಿ ಗೋದಾಮಿನ ದಾರಿ ಹಿಡಿದಳು.

ಸಂಜೆಯೊಳಗೆ ಇಸ್ತ್ರಿ ಮೇಜುಗಳೆಲ್ಲ ಗೋಡೆಗೆ ಒರಗಿದವು. ಅಂಗಡಿಯಲ್ಲಿ, ನಡುಮನೆಯಲ್ಲಿ, ಮೆಟ್ಟಿಲ ಕೆಳಗೆ, ಎಲ್ಲೆಂದರಲ್ಲಿ ಜನ. ಹಾಸಲು ಸಾಲದೆ ಪರದೆಗಳನ್ನೂ ಬಿಚ್ಚಿ ಹಾಸಿದಳು. ಕೆಮ್ಮಜ್ಜ ಎಂದೇ ಎಲ್ಲರೂ ಕರೆಯುವ ಒಬ್ಬ ಮುದುಕನಿದ್ದ. ಗೋದಾಮಿನ ಮೇಲಿನ ದೂರುಗಳಲ್ಲಿ ಅರ್ಧ ಅವನ ಕೆಮ್ಮಿನ ಮೇಲೆಯೇ. ತಮ್ಮ ಬಂದ, ನೋಡಿದ, ಮಹಡಿಯ ತನ್ನ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡ. ಕೆಮ್ಮು ಮಹಡಿಗೂ ಕೇಳಿಸುತ್ತಿತ್ತು. ಕೇಳಲಿ ಎಂದುಕೊಂಡಳು ಅಕ್ಕ.

ಬೆಳಿಗ್ಗೆ ಅವಳು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದಾಗ ತಮ್ಮ ಇಳಿದು ಬಂದ. ಸಭೆಗೆ ಹೊರಟ ಉಡುಪು. ಬೂಟುಗಳನ್ನು ಮಾತ್ರ ಕೈಯಲ್ಲಿ ಹಿಡಿದಿದ್ದ. ಮಲಗಿದವರ ಕೈಕಾಲುಗಳ ನಡುವೆ ಜಾಗ ಹುಡುಕುತ್ತಾ, ತುದಿಗಾಲಿನಲ್ಲಿ ಬೀದಿ ಬಾಗಿಲವರೆಗೆ ಬಂದ.

ಅಲ್ಲಿ ಕೆಮ್ಮಜ್ಜ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದ. ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ, ಬೆಳಕು ಹರಿಯುವ ಹೊತ್ತಿಗೆ ಅವನಿಗೆ ಕಣ್ಣು ಹತ್ತಿತ್ತು. ಅವನು ಏಳದೆ ಬಾಗಿಲು ತೆರೆಯುವಂತಿರಲಿಲ್ಲ.

ಹೊರಗೆ ಕಾರಿನ ಹಾರ್ನ್ ಕೇಳಿಸಿತು. "ಬಾರಯ್ಯಾ! ನೀನಿಲ್ದೆ ಸಭೆ ಶುರು ಮಾಡಲ್ವಂತೆ!" ಎಂದು ಜೊತೆಯ ಸದಸ್ಯನ ಕೂಗು.

ತಮ್ಮ ಬಗ್ಗಿ ಮುದುಕನ ಭುಜದತ್ತ ಕೈ ಚಾಚಿದ. ಅಕ್ಕ ಸೌಟು ಹಿಡಿದೇ ನಿಂತು ನೋಡಿದಳು. ಚಾಚಿದ ಕೈ ಹಾಗೇ ನಿಂತಿತು, ಆಮೇಲೆ ಹಿಂದಕ್ಕೆ ಬಂತು. ಹಾರ್ನ್ ಇನ್ನೊಮ್ಮೆ ಕೂಗಿತು. ಮುದುಕ ನಿದ್ದೆಯಲ್ಲೇ ಮುಖ ಕಿವುಚಿದ.

ತಮ್ಮ ಬೂಟುಗಳನ್ನು ಸದ್ದಾಗದಂತೆ ನೆಲಕ್ಕಿಟ್ಟು ಕಿಟಕಿಯ ಬಳಿ ಹೋದ. ಗಾಜಿನ ಆಚೆ ಕಾರಿನಲ್ಲಿದ್ದವನಿಗೆ ಕಾಣುವಂತೆ ತುಟಿಯ ಮೇಲೆ ಬೆರಳಿಟ್ಟು ನಿಂತ.