ಸಿಲ್ವರ್ ಓಕಿನ ಹುಡಿ

ಅಜ್ಜಿಯ ಕತೆಯಲ್ಲಿ ಸಿಲ್ವರ್ ಓಕ್ ಕಡಲಾಚೆಯಿಂದ ಬಂದ ಸೊಸೆ. ಎಲೆಯ ಬೆನ್ನಿಗೆ ಬೆಳ್ಳಿ ಬಳಿದುಕೊಂಡು, ಕಾಫಿಗಿಡಗಳಿಗೆ ನೆರಳು ಕೊಟ್ಟು ತಾನು ಬಿಸಿಲಲ್ಲಿ ನಿಂತವಳು. ಮಾತಾಡಿಸದೆ ಕೊಯ್ದವರ ಮೈಗೆ ತುರಿಕೆ ಹಚ್ಚಿ, ಕ್ಷಮೆ ಕೇಳುವವರೆಗೂ ಬಿಡದವಳು.

ಜಪಾನಿನ ತ್ಸುಕುಬಾದ ಲ್ಯಾಬಿನಲ್ಲಿ, ಊರಿಂದ ತಂದ ಆ ಮರದ ತುಂಡುಗಳನ್ನು ಮೇಜಿನ ಮೇಲಿಟ್ಟಾಗ ಪ್ರಣತಿ ಸೊಸೆಯ ಕತೆ ಹೇಳಿ ಎಲ್ಲರನ್ನೂ ನಗಿಸಿದಳು. ತುರಿಕೆಯ ಭಾಗವನ್ನು ನುಂಗಿಕೊಂಡಳು. ಮರದ ಮೇಲೆ ಪಿಎಚ್‌ಡಿ ಮಾಡಲು ಬಂದವಳು ಮರ ಶಾಪ ಕೊಡುತ್ತದೆ ಎನ್ನುವುದು ಹೇಗೆ? ಆದರೂ ತಾನು ಮಾತ್ರ ಗ್ಲೌಸ್ ಹಾಕಿಕೊಂಡೇ ಅವನ್ನು ಮುಟ್ಟಿದಳು. ಕೊರೊನಾ ಕಾಲ, ಯಾರಿಗೂ ವಿಚಿತ್ರವೆನಿಸಲಿಲ್ಲ. ಪಕ್ಕದ ಲ್ಯಾಬಿನ ಬೆಂಗಳೂರು ಹುಡುಗ ಗಗನ್ ಮಾತ್ರ, "ಏನ್ ಡಾಕ್ಟ್ರಮ್ಮ, ಮರಕ್ಕೂ ಪಾಸಿಟಿವ್ವಾ?" ಎಂದು ಕಾಲೆಳೆದಿದ್ದ.

ತುಂಡುಗಳನ್ನು ಸ್ಯಾಂಡ್‌ಪೇಪರಿನಿಂದ ಹುಡಿಯೇಳುವಂತೆ ಉಜ್ಜುವ ಕೆಲಸ ಸಹಪಾಠಿ ಇಶಿದಾ-ಸಾನ್ ಪಾಲಿಗೆ ಬಂತು. ಮರವನ್ನು ಬರಿಗೈಯಲ್ಲೇ ಮುಟ್ಟಿ ನೋಡುವವಳು ಅವಳು. ಉಜ್ಜಿದಂತೆ ಮಿರುಗುತ್ತ ಎದ್ದ ಚುಕ್ಕೆಗಳ ಮೇಲೆ ಬೆರಳಾಡಿಸಿ, ಸೊಸೆಯ ಕಿಮೊನೊ ಚೆನ್ನಾಗಿದೆ ಎಂದಳು.

ವಾರದೊಳಗೆ ಅವಳ ಮಣಿಕಟ್ಟು, ಕುತ್ತಿಗೆ, ಕಣ್ಣುರೆಪ್ಪೆಗಳು ಕೆಂಪಗೆ ಊದಿಕೊಂಡವು. ಕೊರೊನಾ ಟೆಸ್ಟ್ ನೆಗೆಟಿವ್ ಬಂದರೂ ಅವಳ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮೇಜನ್ನು ಮಾತ್ರ ಯಾರೋ ಮತ್ತೆ ಮತ್ತೆ ಒರೆಸುತ್ತಿದ್ದರು. ಎಲ್ಲರಿಗೂ ತನ್ನಿಂದ ತೊಂದರೆ, ಲ್ಯಾಬ್ ಬಿಡುತ್ತೇನೆ ಎಂದು ಅವಳು ಪ್ರೊಫೆಸರ್‌ಗೆ ಹೇಳಿದಳಂತೆ. ಸುದ್ದಿ ತಂದ ಗಗನ್ ಪ್ರಣತಿಯ ಕೈಗಳನ್ನೇ ನೋಡಿದ.

"ನಿಂಗೆ ಗೊತ್ತಿತ್ತು ಅಲ್ವಾ?"

"ಅದು ಅಜ್ಜಿ ಕತೆ ಕಣೋ."

"ಬರೀ ಕತೆ ಆದ್ರೆ ಗ್ಲೌಸ್ ಯಾಕೆ?"

ಪ್ರಣತಿಯ ಮುಖ ಮಾಸ್ಕಿನೊಳಗೆ ಅಡಗಿತು. ಸುಡುತ್ತಿದ್ದ ಕಿವಿಗಳನ್ನು ಅಡಗಿಸಲಾಗಲಿಲ್ಲ.

ಮರುದಿನದ ಆನ್‌ಲೈನ್ ಮೀಟಿಂಗಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು: ಆ ಮರದ ಹುಡಿ ತಾಗಿದರೆ ತುರಿಸುತ್ತದೆ, ಮರದ ಕ್ಷಮೆ ಕೇಳುವವರೆಗೂ ಬಿಡದು ಎನ್ನುತ್ತಿದ್ದಳು ಅಜ್ಜಿ, ತನಗದು ಗೊತ್ತಿತ್ತು, ಅದಕ್ಕೇ ಗ್ಲೌಸ್. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕ್ಯಾಮೆರಾ ಆರಿಸಿಕೊಂಡಿದ್ದ ಇಶಿದಾ-ಸಾನ್, ಹೇಳಿದ್ದಕ್ಕೆ ಅರಿಗಾತೋ ಎಂದಳು.

ವಾಸಿಯಾಗಿ ಅವಳು ಲ್ಯಾಬಿಗೆ ಮರಳಿದ ದಿನ ಪ್ರಣತಿ ಕ್ಷಮೆಯ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಕಾದಿದ್ದಳು. ಇಶಿದಾ-ಸಾನ್ ನೇರ ಮರದ ತುಂಡಿನ ಬಳಿ ಹೋಗಿ, ಅಜ್ಜಿಯ ಕತೆಯಲ್ಲಿ ಹೀಗೇ ತಾನೆ ಎಂದು ಕೇಳಿ, ಅದರೆದುರು ನಡು ಬಾಗಿಸಿ ಕ್ಷಮೆ ಕೇಳಿದಳು.

"ಸುಮಿಮಾಸೆನ್."

ಪ್ರಣತಿಗೆ ಕಲಿತ ಒಂದು ವಾಕ್ಯವೂ ನೆನಪಾಗಲಿಲ್ಲ. ಅವಳೂ ಬಾಗಿದಳು. ಮರಕ್ಕೇ ಬಾಗುತ್ತಿದ್ದಾಳೆಂದುಕೊಂಡ ಇಶಿದಾ-ಸಾನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟಳು.

ಪ್ರಣತಿ ಅವಳತ್ತ ತಿರುಗಿ ಮತ್ತೆ ಬಾಗಿದಳು. ಈ ಸಲ ಬೇಗ ತಲೆಯೆತ್ತಲಾಗಲಿಲ್ಲ.