ಎಂಟು ನಿಮಿಷ ಹಳೆಯ ತ್ರಿಕೋನ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬಣ್ಣದಮ್ಮ ಎಂದೇ ಕರೆಯುತ್ತಿದ್ದರು. ಯುದ್ಧನೌಕೆಯ ಕ್ಯಾಪ್ಟನ್ ಮುಂದಿನ ಪರದೆಯಲ್ಲಿ ಶತ್ರು ಯಾವ ಬಣ್ಣ, ಮಿತ್ರ ಯಾವ ಆಕಾರ ಎಂದು ಗೊತ್ತುಮಾಡುವುದೇ ಅವಳ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದರೂ ಹಡಗು ಹತ್ತಿದ್ದು ಒಂದೇ ಸಲ, ಅದೂ ವಾಂತಿ ಮಾಡಿಕೊಂಡು ಇಳಿದಿದ್ದಳು.

ಅಂದು ಬೆಳಿಗ್ಗೆ ಹೊಸ ಪರದೆಯ ಪರೀಕ್ಷೆ. ಕಿಟಕಿಯಿಲ್ಲದ ಕೋಣೆ. ಫೋನುಗಳೆಲ್ಲ ಹೊರಗಿನ ಡಬ್ಬಿಯಲ್ಲಿ. ಬಾಗಿಲು ತೆರೆಯುವುದು ಒಳಗೇ ನಿಂತಿದ್ದ ದೊಡ್ಡ ಸಾಹೇಬರ ಕಾರ್ಡಿಗೆ ಮಾತ್ರ. ಪರದೆಯ ಮುಂದೆ ಕೂತಿದ್ದ ಕ್ಯಾಪ್ಟನ್‌ಗೆ ಮುಂದಿನ ತಿಂಗಳು ಸ್ವಂತ ಹಡಗು ಸಿಗುವುದಿತ್ತು. ಅದಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದರು. ಕೆಂಪು ತ್ರಿಕೋನವೊಂದು ಮೂಡಿತು, ಅಂದರೆ ಶತ್ರು. ತೀರ್ಮಾನಕ್ಕೆ ಇದ್ದದ್ದು ಇಪ್ಪತ್ತೇ ಸೆಕೆಂಡು. ಹದಿನೇಳನೆಯದಕ್ಕೆ ಅವರು ಗುಂಡಿ ಒತ್ತಿದರು.

ಸಿಡಿದದ್ದು ನಾನೂರು ಜನರಿದ್ದ ಪ್ರಯಾಣಿಕರ ಹಡಗು. ಪುಣ್ಯಕ್ಕೆ ಎಲ್ಲವೂ ಕಂಪ್ಯೂಟರಿನೊಳಗಿನ ಸಮುದ್ರ. ಶತ್ರು ಆ ಜಾಗದಲ್ಲಿದ್ದದ್ದು ಎಂಟು ನಿಮಿಷದ ಹಿಂದೆ. ಅವನು ಹೋಗಿ ಈ ಪ್ರಯಾಣಿಕರು ಬಂದಿದ್ದರು, ತ್ರಿಕೋನ ಮಾತ್ರ ಅಲ್ಲೇ ಉಳಿದಿತ್ತು.

“ಸುದ್ದಿ ಹಳೇದು ಅಂತ ಪರದೆ ಎಲ್ಲೂ ಹೇಳ್ಲಿಲ್ವಲ್ಲ,” ಅಂದರು ಕ್ಯಾಪ್ಟನ್.

“ಕುಣಿಯೋಕೆ ಬಾರದವರು ನೆಲ ಡೊಂಕು ಅಂದ್ರಂತೆ,” ಎಂದು ಸಾಹೇಬರು ನಕ್ಕರು.

ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು ಸ್ವಾಮಿ, ಡೊಂಕು ಮಾಡಿದ್ದು ಬಣ್ಣದಮ್ಮನೇ. ಸುದ್ದಿ ಎಷ್ಟು ನಿಮಿಷ ಹಳೆಯದು ಎಂದು ತಿಳಿಸಲು ಪ್ರತಿ ಗುರುತಿನ ಪಕ್ಕ ಅವಳು ಪುಟ್ಟ ಅಂಕಿಯೊಂದನ್ನು ಇಟ್ಟಿದ್ದಳು. “ತುಂಬಾ ಗಿಜಿಗಿಜಿ ಆಯ್ತಮ್ಮ, ತೆಗಿ,” ಅಂದಿದ್ದರು ಸಾಹೇಬರು. ಮೂರು ಸಲ ವಾದ ಮಾಡಿದಳು. ನಾಲ್ಕನೇ ಸಲ ಸಾಕಾಗಿ ಹೂಂ ಅಂದುಬಿಟ್ಟಳು.

ಸಾಹೇಬರು ವರದಿಯ ಹಾಳೆಯನ್ನು ಅವಳ ಮುಂದೆ ತಳ್ಳಿದರು. ತಪ್ಪು ಯಾರದು ಎನ್ನುವಲ್ಲಿ ಎರಡೇ ಚೌಕ: ಯಂತ್ರದ್ದು, ಮನುಷ್ಯನದ್ದು. ಯಂತ್ರ ತನಗೆ ಹೇಳಿಕೊಟ್ಟ ಹಾಗೆಯೇ ನಡೆದುಕೊಂಡಿತ್ತು, ಅದರದ್ದೆಂದರೆ ಸುಳ್ಳು. ಮನುಷ್ಯನದ್ದೆಂದರೆ ಕ್ಯಾಪ್ಟನ್‌ಗೆ ಹಡಗು ಕೈತಪ್ಪಿದಂತೆಯೇ. ಅತ್ತ ದರಿ, ಇತ್ತ ಪುಲಿ. ವರದಿಗೆ ಅವಳ ಸಹಿಯಾಗದೆ ಸಾಹೇಬರೂ ಬಾಗಿಲು ತೆರೆಯುವಂತಿಲ್ಲ, ಅದು ನಿಯಮ.

“ಬೇಗ ಬರಿಯಮ್ಮ, ಊಟದ ಹೊತ್ತಾಯ್ತು,” ಅಂದರು ಸಾಹೇಬರು.

“ನನ್ನ ಹೆಸರೇ ಬರಿ ತಾಯಿ,” ಎಂದರು ಕ್ಯಾಪ್ಟನ್ ಮೆಲ್ಲಗೆ. “ಒತ್ತಿದ್ದು ನನ್ನ ಕೈನೇ ಅಲ್ವಾ.”

ಅವಳಿಗೆ ಅಳು ಉಕ್ಕಿ ಬಂತು. ಆ ಮನುಷ್ಯ ನಾಲ್ಕು ಬೈದಿದ್ದರೂ ಚೆನ್ನಾಗಿತ್ತು. ಮನುಷ್ಯನದ್ದು ಎಂಬ ಚೌಕಕ್ಕೆ ಗುರುತು ಹಾಕಿ, ಹೆಸರಿನ ಜಾಗದಲ್ಲಿ ತನ್ನದನ್ನೇ ಬರೆದಳು. ಕಾರಣ: ನಿಮಿಷದ ಅಂಕಿ ತೆಗೆದೆ.

ಸಾಹೇಬರು ಓದಿ, ಹಾಳೆಯನ್ನು ನಾಲ್ಕು ಚೂರು ಮಾಡಿ, ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದಿಟ್ಟರು. “ಸರಿಯಾಗಿ ಬರಿ.”

ಅವಳು ಮತ್ತೆ ಅದನ್ನೇ ಬರೆದಳು. ಅದೂ ಚೂರಾಯಿತು.

“ಪೆಟ್ಟಿಗೇಲಿ ಇನ್ನೆಷ್ಟು ಹಾಳೆ ಇವೆ ಸರ್?”

“ಇನ್ನೂರು ಇರಬಹುದು. ಯಾಕೆ?”

“ಹಾಗಾದ್ರೆ ಕೂತ್ಕೊಳ್ಳಿ ಸರ್,” ಅಂದಳು ಬಣ್ಣದಮ್ಮ. “ಊಟ ತಡ ಆಗುತ್ತೆ.”